ಸದ್ದು ಮಾಡದ ನಾಲ್ಕು ಟೈರು

ಆಗ್ನೆಸ್ ವೊಲ್ಡ್ ಕೈಗವಸು ಕಳಚಿ ಮೇಜಿನ ಮೇಲೆ ಎಸೆದಳು. ಬಲಗೈ ಹೆಬ್ಬೆರಳನ್ನು ಪ್ಲಾಸ್ಟರ್ ಅಚ್ಚಿನ ಅಂಚಿನಲ್ಲಿದ್ದ ಕಚ್ಚಿಗೆ ಒತ್ತಿದಳು. ಅಳತೆ ಕೊಟ್ಟು ಮಾಡಿಸಿದ ಹಾಗೆ ಬೆರಳು ಅದರೊಳಗೆ ಕೂತಿತು.

"ಇದನ್ನೆಲ್ಲಿಂದ ತಂದೆ?"

"ಹೇಳೋ ಹಾಗಿಲ್ಲ, ಆಗ್ನೆಸ್."

"ತೋರಿಸೋ ಹಾಗಿದೆಯೋ?"

"ಅದೂ ಇಲ್ಲ."

ಮುದುಕಿ ತಲೆಯೆತ್ತಿ ಶೆರಿಫ್ ಕಚೇರಿಯ ಡೆಪ್ಯುಟಿ ಮಾರ್ನಾ ಕ್ವಾಮ್‌ಳನ್ನು ನೋಡಿದಳು. ಗಂಡ ಸತ್ತ ಮೇಲೆ ಹತ್ತೊಂಬತ್ತು ವರ್ಷದಿಂದ ಈ ಟೈರ್ ಅಂಗಡಿಯನ್ನು ಆಗ್ನೆಸ್ ಒಬ್ಬಳೇ ನಡೆಸುತ್ತಿದ್ದಳು. ಕೌಂಟಿಯ ಅರ್ಧ ಜನರನ್ನು ಅವಳು ಮುಖದಿಂದಲ್ಲ, ಟೈರಿನಿಂದ ಗುರುತಿಸುತ್ತಾಳೆ ಎಂಬ ಮಾತಿತ್ತು. ಮಾರ್ನಾ ಬಂದದ್ದೂ ಅದಕ್ಕೇ.

ಅಂಚೆ ಹಂಚುತ್ತಿದ್ದ ಡಾರ್ಲೀನ್ ಹೌಗ್ ಸೆವೆನ್ ಮೈಲ್ ರಸ್ತೆಯಲ್ಲಿ ಯಾವುದೋ ಪಿಕಪ್ಪಿಗೆ ಸಿಕ್ಕಿ ಸತ್ತು ಅಂದಿಗೆ ಹದಿನಾರು ದಿನ. ಎಮೆಟ್ ಅಜೂರ್ ಲಾಕಪ್ಪು ಸೇರಿ ಒಂಬತ್ತು ದಿನ. ನಾಳೆ ಬೆಳಿಗ್ಗೆ ಹತ್ತಕ್ಕೆ ಅವನು ಜಡ್ಜಿನ ಮುಂದೆ ನಿಂತು ನಾನೇ ಕೊಂದೆ ಎಂದು ಹೇಳುವವನಿದ್ದ. ಒಪ್ಪಿಕೊಂಡರೆ ಎಂಟು ವರ್ಷ, ವಾದಿಸಿ ಸೋತರೆ ಇಪ್ಪತ್ತು ಎಂದು ಅವನ ವಕೀಲ ಲೆಕ್ಕ ಹೇಳಿದ್ದ.

ಅದಕ್ಕಿಂತ ಮಾರ್ನಾಳ ನಿದ್ದೆ ಕೆಡಿಸಿದ್ದು ಎಮೆಟ್ ನಿನ್ನೆ ಕಂಬಿಯ ಹಿಂದಿನಿಂದ ಹೇಳಿದ ಮಾತು. "ನಾನೇ ಇರ್ಬೋದು ಮಾರ್ನಾ. ಮೂರು ದಿನ ಕುಡ್ದಿದ್ದೆ. ಮಾಡಿಲ್ಲ ಅಂತ ಹೇಳೋಕೆ ನಂಗೇನು ನೆನಪಿದೆ?"

"ಡಾರ್ಲೀನ್ ಬಿದ್ದಿದ್ದ ಜಾಗದ್ದಾ ಇದು?" ಆಗ್ನೆಸ್ ಕೇಳಿದಳು.

ಮಾರ್ನಾ ಹೌದೆನ್ನಲಿಲ್ಲ. ಅಲ್ಲವೆನ್ನಲೂ ಇಲ್ಲ.

ಆ ನೆಲದ ಜೇಡಿ ಒದ್ದೆಯಾದರೆ ಬೂಟನ್ನು ಬಿಡದು, ಒಣಗಿದರೆ ಅಚ್ಚನ್ನು ಬಿಡದು. ರಸ್ತೆಯ ಅಂಚಿನಲ್ಲಿ ಒಂದೂವರೆ ಅಡಿ ಉದ್ದದ ಟೈರಿನ ಗುರುತು ಕಲ್ಲಿನಲ್ಲಿ ಕೆತ್ತಿದಂತೆ ಉಳಿದಿತ್ತು. ಟೈರಿನ ಹೊರ ಅಂಚಿನ ಒಂದು ರಬ್ಬರ್ ತುಂಡು ಓರೆಯಾಗಿ ಕಿತ್ತುಹೋಗಿದ್ದು ಅದರಲ್ಲಿ ಕಾಣುತ್ತಿತ್ತು. ಶೆರಿಫ್ ಬ್ರೆಕೆ ಒಂದು ವಾರ ಹುಡುಕಿ ಅದೇ ಕಚ್ಚು ಇರುವ ಟೈರನ್ನು ಎಮೆಟ್ಟನ ಪಿಕಪ್ಪಿನಲ್ಲಿ ಕಂಡುಹಿಡಿದ. ಕೇಸು ಅಲ್ಲಿಗೆ ಮುಗಿಯಿತು.

"ಈ ಕಚ್ಚು ನಂಗೊತ್ತು." ಆಗ್ನೆಸ್ ಸ್ಟೂಲಿನ ಮೇಲೆ ಕೂತಳು, ಕೂತದ್ದಕ್ಕಿಂತ ಕುಸಿದ ಹಾಗಿತ್ತು. "ಇಳಿಸೋವಾಗ ಇದೇ ಬೆರಳು ಹಾಕಿ ನೋಡಿದ್ದೆ. ರಬ್ಬರಿನ ಒಳಗಿನ ದಾರ ಕಂಡಿಲ್ಲ, ಇನ್ನೂ ಮೂವತ್ತು ಸಾವಿರ ಮೈಲಿ ಓಡುತ್ತೆ ಅಂತ ಖುಷಿಪಟ್ಟೆ."

"ಎಮೆಟ್ ಗಾಡಿಯಿಂದ ಇಳಿಸಿದ್ದಾ?"

"ಎಮೆಟ್ ಗಾಡಿಗೆ ಹೋಗಿದ್ದು ಆಮೇಲೆ ಕಣೇ ಹುಡುಗಿ. ಇಳಿಸಿದ್ದು ಡಾಕ್ಟ್ರ ಗಾಡಿಯಿಂದ. ಅನ್ಸೆಲ್ ಹೆಗ್‌ಸ್ಟಾಡ್ ಗಾಡಿಯಿಂದ."

ಮಾರ್ನಾ ಅಚ್ಚನ್ನು ತನ್ನತ್ತ ಎಳೆದುಕೊಂಡಳು. ಹೆಗ್‌ಸ್ಟಾಡ್ ಈ ಕೌಂಟಿಯ ಪಶುವೈದ್ಯರು. ನಲವತ್ತು ವರ್ಷದಿಂದ ಎಲ್ಲರ ಕೊಟ್ಟಿಗೆಗಳಿಗೂ ಹೋಗಿಬಂದವರು. ಅವಳ ಮುದಿ ನಾಯಿಗೆ ಕೊನೆಯ ಸೂಜಿ ಚುಚ್ಚಿ, ಹೊರಗೆ ಹೋಗಿ ಕಣ್ಣೊರೆಸಿಕೊಂಡಿದ್ದವರು.

"ಯಾವತ್ತು?"

"ಡಾರ್ಲೀನ್ ಸತ್ತಿದ್ದು ಶನಿವಾರ. ಇದು ಸೋಮವಾರ. ಬೆಳಿಗ್ಗೆ ನಾನು ಬಾಗಿಲು ತೆಗೆಯೋ ಮುಂಚೆ ಗಾಡಿ ಬಂದು ನಿಂತಿತ್ತು. ಬೀಗದ ಕೈ ಗಾಜಿನ ಮೇಲಿನ ಬಿಸಿಲುಪಟ್ಟಿಗೆ ಸಿಕ್ಕಿಸಿ, ಸೀಟಿನ ಮೇಲೆ ಚೀಟಿ ಇಟ್ಟಿದ್ರು. ಇಲ್ಲೆಲ್ಲ ಹಾಗೇ ತಾನೇ ಬಿಟ್ಟುಹೋಗೋದು."

"ಎಮೆಟ್‌ಗೆ ಅವನ್ನ ಯಾರು ಮಾರಿದ್ದು?"

ಆಗ್ನೆಸ್ ಕೈಗವಸನ್ನು ಮೇಜಿನ ಅಂಚಿಗೆ ಸರಿಸಿದಳು. ಹೊರಗೆ ಕಾಳಿನ ಲಾರಿಯೊಂದು ಹೋಯಿತು. ಕಿಟಕಿ ಗಾಜು ನಡುಗಿ ನಿಂತಿತು.

"ಮಾರಿಲ್ಲ. ಅವನ ಗೇಟಿಗೆ ಒರಗಿಸಿ ಬಂದೆ."

ಅದನ್ನು ಅವಳು ಬಿಡಿಸಿ ಹೇಳಬೇಕಾಗಿರಲಿಲ್ಲ. ಹೀಗೆ ಗೇಟಿಗೆ ಒರಗಿಸಿದ್ದರ ಮೇಲೆಯೇ ಮಾರ್ನಾ ಬೆಳೆದಿದ್ದಳು. ಅಪ್ಪ ಕಾಲು ಮುರಿದುಕೊಂಡ ಚಳಿಗಾಲದಲ್ಲಿ ಬೆಳಿಗ್ಗೆ ಬಾಗಿಲು ತೆಗೆದರೆ ಸೌದೆ ಇರುತ್ತಿತ್ತು, ಒಮ್ಮೆ ಅರ್ಧ ಜಿಂಕೆ. ಹೆಸರಿಲ್ಲ, ಚೀಟಿಯಿಲ್ಲ. ಕೊಟ್ಟವನು ಯಾರೆಂದು ಗೊತ್ತಾದರೆ ಪಡೆದವನು ತಲೆ ತಗ್ಗಿಸಬೇಕಾಗುತ್ತದೆ. ಆದ್ದರಿಂದ ಯಾರೂ ಹೇಳುವುದಿಲ್ಲ, ಯಾರೂ ಕೇಳುವುದಿಲ್ಲ. ಒಳ್ಳೆಯ ರಬ್ಬರನ್ನು ಎಸೆಯುವುದಂತೂ ಈ ಊರಿನಲ್ಲಿ ಅನ್ನ ಎಸೆದಷ್ಟೇ ಪಾಪ.

"ಅವನ ಟೈರು ನೋಡಿದ್ದೆ. ಬೋಳು ತಲೆ ಥರ ಇದ್ವು," ಆಗ್ನೆಸ್ ಎಂದಳು. "ಹಿಮ ಬೀಳೋ ಮುಂಚೆ ಪಾಪದವನಿಗಾಗ್ಲಿ ಅಂತ. ಸೋಮವಾರ ಸಂಜೆ ಒರಗಿಸ್ದೆ. ಅವನು ಮಂಗಳವಾರ ಹಾಕ್ಕೊಂಡ."

"ಶೆರಿಫ್ ಇದನ್ನ ನಿನ್ನ ಕೇಳಲೇ ಇಲ್ವಾ?"

"ನನ್ನ ಯಾರು ಕೇಳ್ತಾರೆ? ಕುಡುಕ ಗುದ್ದಿದ ಅಂದ್ರು, ಹೌದು ಅನ್ಕೊಂಡೆ. ಟೈರ್ ನೋಡಿ ಹಿಡಿದ್ರು ಅಂತ ನಂಗೇನು ಗೊತ್ತು?" ಅವಳ ಧ್ವನಿ ಇದ್ದಕ್ಕಿದ್ದಂತೆ ಒಡೆಯಿತು. "ಕೈಯಾರೆ ಒಯ್ದು ಅವನ ಕುತ್ತಿಗೆಗೆ ಕಟ್ಟಿ ಬಂದೆನಲ್ಲೇ, ಮಾರ್ನಾ!"

ಮಾರ್ನಾ ಅವಳ ಭುಜ ಮುಟ್ಟಬೇಕೆಂದುಕೊಂಡಳು. ಕೈ ಎತ್ತುವಷ್ಟರಲ್ಲಿ ಅಂಗಳದಲ್ಲಿ ಬ್ರೇಕಿನ ಕೀರಲು ಸದ್ದು ಕೇಳಿಸಿತು.

ಬಿಳಿ ಪಿಕಪ್ಪು. ಹಿಂದೆ ಔಷಧಿಯ ದೊಡ್ಡ ಪೆಟ್ಟಿಗೆ, ನೀರಿನ ತೊಟ್ಟಿ, ಕರು ಎಳೆಯುವ ಸರಪಳಿ. ಹೆಗ್‌ಸ್ಟಾಡ್ ಇಳಿದರು. ಅರವತ್ತೈದರ ಎತ್ತರದ ಮನುಷ್ಯ. ಹಿಂದಿನಿಂದ ಒಂದು ಟೈರನ್ನು ಎಳೆದು ಉರುಳಿಸಿಕೊಂಡು ಬಾಗಿಲಿಗೆ ಬಂದರು.

ಮಾರ್ನಾ ಅಚ್ಚಿನ ಮೇಲೆ ತನ್ನ ಕೋಟು ಎಸೆದಳು.

"ಹದಿನಾಲ್ಕು ದಿನಕ್ಕೆ ಎರಡನೇದು ಆಗ್ನೆಸ್," ಅವರೆಂದರು. "ಇದಕ್ಕೆ ತೇಪೆ ಹಾಕ್ತೀಯಾ? ಏನಮ್ಮ ಮಾರ್ನಾ, ನಿಂದೂ ಪಂಕ್ಚರ್ರಾ?"

"ಹಾಗೇ ಅನ್ಕೊಳ್ಳಿ ಡಾಕ್ಟ್ರೇ."

ಆಗ್ನೆಸ್ ಮೂಗೊರೆಸಿಕೊಂಡು ಎದ್ದಳು. ಟೈರನ್ನು ತಿರುಗಿಸಿ ಅದರ ಪಕ್ಕದ ರಬ್ಬರಿನಲ್ಲಿದ್ದ ಸೀಳನ್ನು ನೋಡಿದಳು. ಚೂಪುಕಲ್ಲು ಕುಯ್ದಿತ್ತು, ಚಾಕುವಿನಲ್ಲಿ ಕುಯ್ದ ಹಾಗೆ.

"ಪಕ್ಕ ಹರಿದಿದ್ದಕ್ಕೆ ತೇಪೆ ಎಲ್ಲಿಂದ ಬರುತ್ತೆ ಅನ್ಸೆಲ್? ನಾಲ್ಕು ಪದರದ ಟೈರು. ಹೆಂಗಸ್ರು ಚರ್ಚಿಗೆ ಹೋಗೋ ಕಾರಿಗೆ ಹಾಕೋದು. ಇದರ ಮೇಲೆ ಒಂದು ಟನ್ ಸಾಮಾನು ಹೇರ್ಕೊಂಡು ಸೆವೆನ್ ಮೈಲ್ ರಸ್ತೇಲಿ ಓಡಾಡ್ತೀಯಾ!"

ಆ ರಸ್ತೆಯ ಹೆಸರು ಬಂದಾಗ ಅವರ ಕಣ್ಣು ಒಂದು ಕ್ಷಣ ಮಾರ್ನಾಳತ್ತ ಹೋಗಿ ವಾಪಸು ಬಂತು. ಅವಳು ಅದನ್ನು ನೋಡಿದಳು. ಎಲ್ಲವನ್ನೂ ನೋಡುವುದು ಅವಳ ಚಾಳಿ. ನೋಡಿದ್ದನ್ನು ನಂಬಲು ಅವಳಿಗೆ ಸದಾ ಹೆದರಿಕೆ.

"ಬೈಬೇಡ. ನಂಗೆ ಮೊದಲಿದ್ದಂಥದ್ದೇ ನಾಲ್ಕು ಕೊಟ್ಬಿಡು," ಹೆಗ್‌ಸ್ಟಾಡ್ ಎಂದರು.

"ಸ್ಟ್ಯಾಂಡಲ್ಲಿದೆ, ನೋಡ್ಕೋ."

ಅವರು ಗೋಡೆಯ ಸ್ಟ್ಯಾಂಡಿನ ಬಳಿ ಹೋದರು. ಮಾರ್ನಾ ಕೂತಲ್ಲಿಂದಲೇ ನೋಡುತ್ತಿದ್ದಳು. ಮೊದಲನೆಯ ಟೈರಿನ ಪಕ್ಕವನ್ನು ಅವರು ಎರಡೂ ಹೆಬ್ಬೆರಳಿನಿಂದ ಒತ್ತಿದರು. ಬಗ್ಗಿತು. ಬಿಟ್ಟರು. ಎರಡನೆಯದು ಬಗ್ಗಲಿಲ್ಲ. ಕನ್ನಡಕ ಹಣೆಗೇರಿಸಿ ಅದರ ಮೇಲಿನ ಉಬ್ಬಕ್ಷರ ಓದಿದರು. ಎಷ್ಟು ಪದರ, ಎಷ್ಟು ಭಾರ, ತಯಾರಾದ ವಾರ ಯಾವುದು. ಗೆರೆಗಳ ನಡುವೆ ಉಗುರು ಹಾಕಿ ಕಲ್ಲು ಸಿಕ್ಕಿಕೊಳ್ಳುವಷ್ಟು ಕಿರಿದೋ ಎಂದು ಪರೀಕ್ಷಿಸಿದರು.

"ಇದು ಹೊಸ ಮಾಲಾ? ಕಲ್ಲು ಉಗುಳುತ್ತಾ?"

"ಉಗುಳುತ್ತೆ. ಹೈವೇಲಿ ಮಾತ್ರ ಜೇನುಹುಳದ ಗೂಡಿನ ಥರ ಗುಯ್ಗುಡುತ್ತೆ."

"ಗುಯ್ಗುಟ್ಲಿ ಬಿಡು. ನನ್ನ ಪೇಷಂಟುಗಳು ಅದಕ್ಕಿಂತ ಜೋರಾಗಿ ಕೂಗ್ತಾವೆ."

ಮಾರ್ನಾ ಅವರ ಹೆಬ್ಬೆರಳುಗಳನ್ನೇ ನೋಡಿದಳು.

ಐದು ನಿಮಿಷದ ಕೆಳಗೆ ಅವಳ ಮನಸ್ಸಿನಲ್ಲಿ ಒಂದೇ ಹೆಸರಿತ್ತು. ಈಗ ಅದು ಕದಲಿತು. ಎಂಥ ಅವಸರದಲ್ಲಿದ್ದರೂ, ಕೈ ನಡುಗುತ್ತಿದ್ದರೂ ಈ ಮನುಷ್ಯನ ಹೆಬ್ಬೆರಳು ಒಮ್ಮೆಯಾದರೂ ಆ ಪಕ್ಕಗಳನ್ನು ಒತ್ತಿ ನೋಡುತ್ತಿತ್ತು. ನಲವತ್ತು ವರ್ಷದ ಅಭ್ಯಾಸವನ್ನು ಭಯ ಅಳಿಸುವುದಿಲ್ಲ. ನಾಲ್ಕು ಪದರದ ಟೈರುಗಳನ್ನು ಈ ಗಾಡಿಗೆ ಆರಿಸಿದವನು ಈ ಗಾಡಿಯ ಭಾರ ಗೊತ್ತಿದ್ದವನಲ್ಲ.

"ಆಗ್ನೆಸ್," ಅವಳೆಂದಳು. ತನ್ನ ಧ್ವನಿ ಇಷ್ಟು ಸಮಾಧಾನವಾಗಿರುವುದು ಅವಳಿಗೇ ಆಶ್ಚರ್ಯ. "ಆ ಸೋಮವಾರದ ಚೀಟಿ ಇದೆಯಾ?"

"ಮೊಳೆಗೆ ಚುಚ್ಚಿರ್ತೀನಿ. ಎಲ್ಲಿ ಹೋಗುತ್ತೆ?"

"ಕೊಡು."

ಹೆಗ್‌ಸ್ಟಾಡ್ ತಿರುಗಿ ನಿಂತರು. ಕೈಯಲ್ಲಿದ್ದ ಟೈರನ್ನು ಬಿಟ್ಟಿರಲಿಲ್ಲ.

ಗೋಡೆಯ ಮೊಳೆಯಲ್ಲಿ ದಪ್ಪಗೆ ಚುಚ್ಚಿದ್ದ ಕಾಗದಗಳ ನಡುವಿನಿಂದ ಆಗ್ನೆಸ್ ಒಂದನ್ನು ಎಳೆದು ತೆಗೆದಳು. ಹಳದಿ, ಗೆರೆ ಹೊಡೆದ, ಉದ್ದನೆಯ ಹಾಳೆ. ನಾಲ್ಕಾಗಿ ಮಡಿಸಿತ್ತು. ಮಾರ್ನಾ ಬಿಚ್ಚಿ, ಜೋರಾಗಿ ಓದಿದಳು.

"'ನಾಲ್ಕೂ ಬದಲಾಯಿಸಿ. ಇಂದೇ ಆಗಬೇಕು. ಸದ್ದು ಕಡಿಮೆ ಇರುವ ಒಳ್ಳೆಯ ಟೈರುಗಳಾಗಲಿ. ಹಳೆಯವನ್ನು ದಯವಿಟ್ಟು ನಾಶಮಾಡಿ. ಅ. ಹೆಗ್‌ಸ್ಟಾಡ್.'"

ಹಾಳೆಯನ್ನು ಮೇಜಿನ ಮೇಲೆ ಬಿಡಿಸಿಟ್ಟಳು.

"ದಯವಿಟ್ಟು!" ಆಗ್ನೆಸ್ ಎಂದಳು. "ನಲವತ್ತು ವರ್ಷದಲ್ಲಿ ನೀನು ನಂಗೆ ಒಂದ್ಸಲವೂ ದಯವಿಟ್ಟು ಅಂದಿಲ್ಲ. ಅವತ್ತೇ ಅನುಮಾನ ಬರ್ಬೇಕಿತ್ತು. ಔಷಧಿ ಪೆಟ್ಟಿಗೆ ಬೇರೆ ಇರ್ಲಿಲ್ಲ ಗಾಡಿ ಹಿಂದೆ. ರಿಟೈರಾಗ್ತಿದ್ದಾನೇನೋ, ಮೆತ್ತಗೆ ಓಡಾಡೋಕೆ ಬೇಕೇನೋ ಅನ್ಕೊಂಡೆ."

"ಡಾಕ್ಟ್ರೇ," ಮಾರ್ನಾ ಎಂದಳು. "ನೀವು ಬರೆಯೋದು ಔಷಧಿ ಡಬ್ಬದ ರಟ್ಟಿನ ಮೇಲೆ. ನಿಮ್ಮಕ್ಷರ ನಿಮ್ಮ ಹೆಂಡ್ತಿಗೂ ಅರ್ಥ ಆಗ್ತಿರ್ಲಿಲ್ಲ. ಇದು ಯಾರ ಕೈಬರಹ?"

"ನಂದೇ."

"ಹೌದಾ?" ಅವಳು ಕಿಸೆಯಿಂದ ಪೆನ್ನು ತೆಗೆದು ಮೇಜಿನ ಮೇಲಿಟ್ಟಳು. "ಎರಡು ಸಾಲು ಬರೀರಿ ಹಾಗಾದ್ರೆ."

ಅವರು ಪೆನ್ನು ಮುಟ್ಟಲಿಲ್ಲ.

ಇಂಥ ಹಳದಿ ಹಾಳೆ ಈ ಊರಿನಲ್ಲಿ ಎಲ್ಲಿರುತ್ತದೆಂದು ಮಾರ್ನಾ ನೆನಪಿಸಿಕೊಳ್ಳಬೇಕಾಗಿರಲಿಲ್ಲ. ಒಂಬತ್ತು ದಿನದಿಂದ ಪ್ರತಿ ಮಧ್ಯಾಹ್ನ ಅದನ್ನೇ ನೋಡುತ್ತಿದ್ದಳು. ಲಾಕಪ್ಪಿನ ಕಬ್ಬಿಣದ ಮೇಜಿನ ಮೇಲೆ, ಎಮೆಟ್ಟನ ಎದುರು, ಅವನ ವಕೀಲನ ಕೈಯಡಿಯಲ್ಲಿ. ನೀಲ್ ಪ್ರೆಸ್ಕಾಟ್, ಡೆನ್ವರಿನಿಂದ ಬಂದು ಎರಡು ವರ್ಷವಾದವನು. ನುಣುಪು ಡಾಂಬರು ರಸ್ತೆಗಳ, ಸದ್ದಿಲ್ಲದ ಕಾರುಗಳ ಮನುಷ್ಯ. ಡಾಕ್ಟರ ಅಳಿಯ.

ಎಮೆಟ್‌ಗೆ ವಕೀಲನನ್ನು ಹುಡುಕುವ ಕೆಲಸವೇ ಕೋರ್ಟಿಗೆ ಬಂದಿರಲಿಲ್ಲ. ಪ್ರೆಸ್ಕಾಟ್ ತಾನೇ ಹೋಗಿ ಈ ಕೇಸು ನನಗೆ ಕೊಡಿ ಎಂದು ಕೇಳಿದ್ದ. ಒಳ್ಳೆಯ ಹುಡುಗ ಎಂದು ಊರೆಲ್ಲ ಹೊಗಳಿತ್ತು. ಮಾರ್ನಾ ಕೂಡ.

"ಆಗ್ನೆಸ್, ಬಾಗಿಲು ಹಾಕು."

"ಯಾಕೆ ಮಾರ್ನಾ?" ಹೆಗ್‌ಸ್ಟಾಡ್ ನಗಲು ಪ್ರಯತ್ನಿಸಿದರು. "ಟೈರ್ ಬದಲಾಯ್ಸೋದು ಈಗ ಅಪರಾಧವಾ?"

"ಆ ಶನಿವಾರ ಗಾಡಿ ಯಾರ ಹತ್ರ ಇತ್ತು?"

"ನನ್ನ ಹತ್ರ."

"ಡಾಕ್ಟ್ರೇ."

"ನನ್ನ ಗಾಡಿ, ನನ್ನ ಹತ್ರ ಇತ್ತು."

"ಶನಿವಾರ ಸಂಜೆ ನೀವು ಶ್ಮಿಡ್ಟ್ ಮನೇಲಿದ್ರಿ, ಕುದುರೆ ಹೊಟ್ಟೆನೋವಿಗೆ. ಅವನ ಹೆಂಡ್ತಿ ಹೇಳಿದ್ಲು. ಮಗಳ ಕಾರಲ್ಲಿ ಬಂದಿದ್ರಂತೆ. ಸೀಟು ಹಿಂದಕ್ಕೆ ಹೋಗದೆ ಮಂಡಿ ಮೂಗಿಗೆ ತಾಗ್ತಿತ್ತಂತೆ. ಅವತ್ತು ಅದನ್ನ ಹೇಳಿ ನಕ್ಕಿದ್ವಿ."

ಅವರು ಟೈರನ್ನು ಗೋಡೆಗೆ ಒರಗಿಸಿದರು. ಅದು ಜಾರಿತು. ಮತ್ತೆ ಒರಗಿಸಿದರು.

"ನೀಲ್ ತೊಟ್ಟಿಲು ತರೋಕೆ ಹೋಗಿದ್ದ," ಕೊನೆಗೆ ಅಂದರು. "ಮಗಳು ಕಾರಿನ್‌ಗೆ ಈಗ ಏಳು ತಿಂಗಳು. ಯಾರೋ ಹಳೇ ತೊಟ್ಟಿಲು ಮಾರ್ತಿದ್ರು. ಪೆಟ್ಟಿಗೆ ಇಳಿಸಿ ನಾನೇ ಗಾಡಿ ಕೊಟ್ಟೆ."

"ವಾಪಸ್ ಬಂದು ಏನಂದ?"

"ಜಿಂಕೆ ಅಡ್ಡ ಬಂತು ಅಂದ."

"ಆಮೇಲೆ?"

"ಆಮೇಲೆ ಏನಿಲ್ಲ. ಸೋಮವಾರ ಸಂಜೆ ಗಾಡಿ ತೊಳೆದು, ಹೊಸ ಟೈರ್ ಹಾಕಿಸಿ ತಂದು ನಿಲ್ಲಿಸ್ದ. ಗಾಡಿ ಕೊಟ್ಟಿದ್ದಕ್ಕೆ ಉಪಕಾರ ಅಂದ. ನೋಡಿದ್ರೆ ಈ ಕಾರ್ ಟೈರುಗಳು. ಅಯ್ಯೋ ಪೆದ್ದೇ ಅನ್ಕೊಂಡೆ. ಬೈಯೋಕೆ ಮನಸ್ಸು ಬರ್ಲಿಲ್ಲ."

ಮಾರ್ನಾ ಎದ್ದು ಅವರ ಹತ್ತಿರ ಹೋದಳು. ಕೇಳಬೇಕಾದ್ದು ಒಂದೇ ಪ್ರಶ್ನೆ. ಅದನ್ನು ಈ ಮನುಷ್ಯನಿಗೆ ಕೇಳುವುದು ಅವಳಿಗೆ ಇಷ್ಟವಿರಲಿಲ್ಲ.

"ನವೆಂಬರಲ್ಲಿ ಜಿಂಕೆ ಮೈತುಂಬ ಚಳಿಗಾಲದ ಕೂದಲಿರುತ್ತೆ. ಕಡ್ಡಿ ಥರ, ಮುಟ್ಟಿದ್ರೆ ಉದುರುತ್ತೆ. ಎಷ್ಟು ತೊಳೆದ್ರೂ ಗಾಡಿ ಮುಂದಿನ ಕಬ್ಬಿಣದ ಗಾರ್ಡಿನ ಸಂದೀಲಿ ತಿಂಗಳುಗಟ್ಟಲೆ ಸಿಕ್ಕಿರುತ್ತೆ. ಇದನ್ನ ನಂಗೆ ಹೇಳಿಕೊಟ್ಟಿದ್ದು ನೀವೇ. ನಿಮ್ಮ ಗಾಡಿ ಮುಂದೆ ಒಂದು ಕೂದಲು ಸಿಕ್ತಾ?"

ಹೆಗ್‌ಸ್ಟಾಡ್ ಕನ್ನಡಕ ತೆಗೆದು ಒರೆಸತೊಡಗಿದರು.

"ಒಂದೇ ಒಂದು?"

"ನಾನು ನೋಡ್ಲಿಲ್ಲ."

"ನೀವಾ? ನೋಡ್ಲಿಲ್ವಾ?"

"ನೋಡ್ಲಿಲ್ಲ ಮಾರ್ನಾ!" ಕೂಗಿದರು. ಆ ಕೂಗಿಗೆ ಆಗ್ನೆಸ್ ಹಿಂದೆ ಸರಿದಳು. "ನಲವತ್ತು ವರ್ಷ ರಕ್ತ ತೊಳೆದಿದ್ದೀನಿ. ಬಗ್ಗಿದ್ರೆ ಗೊತ್ತಾಗ್ಬಿಡುತ್ತೆ ಅಂತ ಬಗ್ಗಲಿಲ್ಲ. ಹದಿನಾಲ್ಕು ದಿನದಿಂದ ಆ ಗಾಡಿಗೆ ಹಿಂದಿನಿಂದ ಸುತ್ತಿ ಬಂದು ಹತ್ತುತ್ತೀನಿ. ಸಾಕಾ?"

ಅವರು ಆಗ್ನೆಸಳ ಸ್ಟೂಲಿನ ಮೇಲೆ ಕೂತರು. ದೊಡ್ಡ ಕೈಗಳು ಮಂಡಿಯ ಮೇಲೆ ಸುಮ್ಮನೆ ಬಿದ್ದಿದ್ದವು.

"ಎಮೆಟ್ ವಿಷಯ?" ಮಾರ್ನಾ ಬಿಡಲಿಲ್ಲ. "ಅವನು ಎಂಟು ವರ್ಷ ಒಳಗಿರ್ತಾನೆ ಅನ್ನೋದು?"

"ನೀಲ್ ಹೇಳ್ದ, ಎಮೆಟ್‌ಗೇ ಗ್ಯಾರಂಟಿ ಇಲ್ಲ, ನಾನೇ ಮಾಡಿರ್ಬೋದು ಅಂತ ಅವನೇ ಹೇಳ್ತಾನೆ ಅಂತ. ಹಾಗಿದ್ರೆ ನೀಲ್ ಹೇಳಿದ ಜಿಂಕೆ ನಿಜವಾದ ಜಿಂಕೆ ಆಗಿರುತ್ತೆ ಅಲ್ವಾ? ನಾನು ಹಾಗೆ…" ಅಂಗೈಯನ್ನು ಮಂಡಿಗೆ ಉಜ್ಜಿದರು. "ಮಗು ಬರುತ್ತಮ್ಮ. ಜನವರೀಲಿ."

"ಡಾರ್ಲೀನ್‌ಗೆ ಮೂರು ಮೊಮ್ಮಕ್ಕಳು ಅನ್ಸೆಲ್," ಆಗ್ನೆಸ್ ಎಂದಳು. ಮೆಲ್ಲಗೆ ಎಂದಳು. ಅದು ಬೈಗುಳಕ್ಕಿಂತ ಕೆಟ್ಟದಾಗಿತ್ತು.

"ಕಾಗದದ ಮೇಲೆ ಬರೆದು ಕೊಡ್ತೀರಾ?" ಮಾರ್ನಾ ಕೇಳಿದಳು. "ಗಾಡಿ ಯಾರ ಹತ್ರ ಇತ್ತು, ಯಾವಾಗ ಬಂತು. ಅಷ್ಟೇ ಸಾಕು. ಆಗ್ನೆಸ್ ಟೈರಿನ ವಿಷಯ ಬರೀತಾಳೆ. ಎರಡೂ ಸೇರಿದ್ರೆ ನಾಳೆ ಬೆಳಿಗ್ಗೆ ಎಮೆಟ್ ಏನೂ ಒಪ್ಪಿಕೊಳ್ಳಬೇಕಾಗಿಲ್ಲ."

"ಬರೆಯದಿದ್ರೆ?"

"ಬರೆಯದಿದ್ರೆ ನಾಳೆ ನೀವು ಕೋರ್ಟಿಗೆ ಬಂದು ಮೊದಲ ಸಾಲಲ್ಲಿ ಕೂತ್ಕೊಳ್ಳಿ. ಎಮೆಟ್ ಮುಖ ನೋಡಿ. ಅದನ್ನ ಮಾತ್ರ ಹಿಂದಿನಿಂದ ಸುತ್ತಿ ಬಂದು ನೋಡೋಕಾಗಲ್ಲ."

ಗಡಿಯಾರದಲ್ಲಿ ಮೂರೂ ನಲವತ್ತು. ಅವರು ಪೆನ್ನು ತೆಗೆದುಕೊಂಡರು. ಬಿಡಿಸಿ ಓದಲಾಗದ ಆ ಅಕ್ಷರದಲ್ಲಿ, ಟೈರಿನ ಜಾಹೀರಾತಿನ ಹಿಂಬದಿಯಲ್ಲಿ, ಐದು ಸಾಲು ಬರೆದು ಸಹಿ ಹಾಕಿದರು. ಸಹಿ ಹಾಕುವಾಗ ಅವರ ತುಟಿ ಮಗಳ ಹೆಸರನ್ನು ಹೇಳಿದಂತೆ ಮಾರ್ನಾಳಿಗೆ ಕಂಡಿತು. ಅದನ್ನೂ ಅವಳು ನೋಡಬಾರದಿತ್ತು.

ಆಗ್ನೆಸ್ ತನ್ನ ಕಾಗದವನ್ನು ಸರಸರನೆ ಬರೆಯುತ್ತಾ ಬಂದಳು. "ಗೇಟಿಗೆ ಒರಗಿಸಿದ್ದೂ ಬರೀಲಾ?"

"ಅದೇ ಮುಖ್ಯ."

"ಎಮೆಟ್‌ಗೆ ಗೊತ್ತಾಗ್ಬಿಡುತ್ತಲ್ಲೇ, ಕೊಟ್ಟಿದ್ದು ನಾನು ಅಂತ."

"ಗೊತ್ತಾಗ್ಲಿ ಆಗ್ನೆಸ್."

ಮುದುಕಿ ಒಂದು ಕ್ಷಣ ಯೋಚಿಸಿ ಆ ಸಾಲನ್ನೂ ಬರೆದಳು.

ಮಾರ್ನಾ ಎರಡೂ ಕಾಗದಗಳನ್ನು ಹಳದಿ ಚೀಟಿಯ ಜೊತೆ ಒಳಕಿಸೆಗೆ ಹಾಕಿ, ಗುಂಡಿ ಹಾಕಿದಳು. ಗುಂಡಿ ಬಿದ್ದಿದೆಯೇ ಎಂದು ಮತ್ತೆ ಮುಟ್ಟಿ ನೋಡಿದಳು. ಹದಿನಾರು ದಿನದಲ್ಲಿ ಮೊದಲ ಬಾರಿಗೆ ಅವಳಿಗೆ ಹಸಿವಾಯಿತು. ಗಾಳಿ ತುಂಬುವ ಯಂತ್ರದ ಹಿಂದೆ ಹೋಗಿ ಲಾಕಪ್ಪಿಗೆ ಫೋನು ಮಾಡಿದಳು.

ಪಹರೆಯ ರಸ್ಟಿ ಎತ್ತಿದ.

"ಎಮೆಟ್‌ಗೆ ಫೋನ್ ಕೊಡು. ಅವನ ವಕೀಲನಿಗೆ ಹೇಳ್ಬೇಡ."

"ವಕೀಲ್ರು ಈಗಷ್ಟೇ ಹೋದ್ರು ಮಾರ್ನಾ. ಮಧ್ಯಾಹ್ನದಿಂದ ಇಲ್ಲೇ ಇದ್ರು. ತಡಿ, ಕೊಡ್ತೀನಿ."

ಕುರ್ಚಿ ಎಳೆದ ಸದ್ದು. ಉಸಿರು.

"ಮಾರ್ನಾ?"

ಆ ಧ್ವನಿ ಕೇಳಿ ಅವಳು ಬೆಚ್ಚಿದಳು. ಒಂಬತ್ತು ದಿನದ ನಡುಕ ಅದರಲ್ಲಿರಲಿಲ್ಲ. ಜ್ವರ ಇಳಿದ ಮನುಷ್ಯನ ಹಾಗೆ ಹಗುರವಾಗಿತ್ತು.

"ಎಮೆಟ್, ಕೇಳು. ಏನಕ್ಕೂ ಸಹಿ ಹಾಕ್ಬೇಡ. ನೀನು ಮಾಡಿಲ್ಲ. ನನ್ನ ಹತ್ರ ಕಾಗದ ಇದೆ."

"ಇಲ್ಲ ಮಾರ್ನಾ. ನಂಗೆ ನೆನಪಾಯ್ತು."

"ಏನು ನೆನಪಾಯ್ತು?"

"ಎಲ್ಲ. ನೀಲ್ ದಿನಾ ಕೂತು ಕೇಳ್ತಿದ್ದ. ಜಡ್ಜು ಕೇಳ್ತಾರೆ, ನಿನ್ನ ಮಾತಲ್ಲೇ ಹೇಳ್ಬೇಕು, ಕಣ್ಣು ಮುಚ್ಚಿ ಯೋಚ್ನೆ ಮಾಡು ಅಂತ. ಹೀಗಿತ್ತಾ, ಹಾಗಿತ್ತಾ ಅಂತ ಬಿಡಿಸಿ ಬಿಡಿಸಿ ಕೇಳ್ದ. ಇವತ್ತು ಕಣ್ಣು ಮುಚ್ಚಿದ್ರೆ ಕಾಣಿಸ್ತು. ಒಳ್ಳೇದಾಯ್ತು. ಗೊತ್ತಿಲ್ದೆ ಇರೋದೇ ಜಾಸ್ತಿ ಕಷ್ಟ."

"ಅದು ನಿನ್ನ ನೆನಪಲ್ಲ ಎಮೆಟ್."

"ಅವಳು ಒಂಟಿಕಾಲಲ್ಲಿ ನಿಂತಿದ್ಲು," ಅವನು ಎಂದ. ಅವಳ ಮಾತು ಅವನಿಗೆ ತಲುಪಲೇ ಇಲ್ಲ. "ಒಂದು ಬೂಟು ಜೇಡೀಲಿ ಕಚ್ಕೊಂಡಿತ್ತು. ಬಗ್ಗಿ ಎರಡೂ ಕೈಲಿ ಎಳೀತಿದ್ಲು. ದೀಪ ಕಂಡು ತಲೆ ಎತ್ತಿದ್ಲು, ಮಾರ್ನಾ. ನಕ್ಲು. ಯಾರೋ ಸಹಾಯಕ್ಕೆ ಬಂದ್ರು ಅನ್ಕೊಂಡ್ಲು."

ಮಾರ್ನಾ ತಣ್ಣಗಿದ್ದ ಯಂತ್ರವನ್ನು ಹಿಡಿದುಕೊಂಡಳು.

ಡಾರ್ಲೀನಳ ಎಡಗಡೆಯ ಉಣ್ಣೆಯ ಕಾಲುಚೀಲದ ಅಡಿಗೆ ಜೇಡಿ ಮೆತ್ತಿತ್ತು. ಗಾಡಿ ಬಡಿಯುವ ಮೊದಲೇ ಬೂಟು ಕಳಚಿತ್ತೆಂದು ಶವಪರೀಕ್ಷೆ ಮಾಡಿದ ವೈದ್ಯರು ಮಾರ್ನಾಳಿಗೆ ಹೇಳಿದ್ದರು. ಅದನ್ನು ಅವಳು ಯಾವ ಕಾಗದದಲ್ಲೂ ಬರೆಯಗೊಟ್ಟಿರಲಿಲ್ಲ. ವಕೀಲನಿಗೆ ಕೊಟ್ಟ ಕಡತದಲ್ಲೂ ಇರಲಿಲ್ಲ. ಆ ಬೂಟು, ಆ ನಗು ಪ್ರೆಸ್ಕಾಟನ ಕಣ್ಣೊಳಗಿಂದ ಎದ್ದು, ಬಿಡಿಸಿ ಬಿಡಿಸಿ ಕೇಳಿದ ಪ್ರಶ್ನೆಗಳ ಮೇಲೆ ಹತ್ತಿ, ಈ ಮನುಷ್ಯನ ತಲೆಗೆ ಇಳಿದಿದ್ದವು.

"ಇದನ್ನ ಯಾರಿಗೆ ಹೇಳ್ದೆ?" ಅವಳು ಫೋನನ್ನು ಕಿವಿಗೆ ಒತ್ತಿದಳು. "ಎಮೆಟ್, ಯಾರಿಗಾದ್ರೂ ಹೇಳಿದ್ಯಾ?"

ಫೋನು ಕೈ ಬದಲಾಯಿಸಿದ ಸದ್ದಾಯಿತು.

"ನಂಗೆ ಹೇಳ್ದ," ಶೆರಿಫ್ ಬ್ರೆಕೆಯ ದಪ್ಪ ಧ್ವನಿ. "ಟೇಪ್ ಮೇಲೆ. ಸಹಿಯನ್ನೂ ಹಾಕ್ದ. ಎಲ್ಲಿದ್ದೀಯಾ ನೀನು? ಆ ಬೂಟಿನ ವಿಷಯ ಕೊಂದೋನಿಗೆ ಬಿಟ್ರೆ ಯಾರಿಗೂ ಗೊತ್ತಿರೋಕೆ ಸಾಧ್ಯವಿಲ್ಲ ಅಂತ ನೀನೇ ತಾನೇ ನಂಗೆ ಹೇಳಿದ್ದು? ನೀನು ಹೇಳಿದ್ದು ಸರಿ ಮಾರ್ನಾ. ಅವನಿಗೆ ಗೊತ್ತಿದೆ."